ಕಾರ್ಖಾನೆಯ ಪೀಕ್ ಬೇರೆ, ಊರಿನ ಪೀಕ್ ಬೇರೆ

2023ರ ಅಕ್ಟೋಬರ್ ನೆನಪಿದೆಯಾ? ಮಳೆ ಕೈಕೊಟ್ಟಿತ್ತು, ಜಲಾಶಯಗಳು ತುಂಬಿರಲಿಲ್ಲ. ಪಂಪ್‌ಸೆಟ್‌ಗಳಿಗೆ ಸಿಗಬೇಕಿದ್ದ 7 ಗಂಟೆಯ ತ್ರೀಫೇಸ್ ಕರೆಂಟ್ 5 ಗಂಟೆಗೆ ಇಳಿಯಿತು. ಕೊರತೆ ಬಂದಾಗ ಮೊದಲು ಆರುವುದು ಹಳ್ಳಿಯ ಫೀಡರ್. ಗಂಗಾವತಿ ತಾಲ್ಲೂಕಿನ ಆನೆಗೊಂದಿ, ಹನುಮನಹಳ್ಳಿ ಕಡೆ ರಾತ್ರಿ ಪಾಳಿಯ ಕರೆಂಟ್ ಅಂದ್ರೆ ಚಿರತೆ, ಕರಡಿ ಓಡಾಡುವ ಬೆಟ್ಟದ ಪಕ್ಕ ಟಾರ್ಚ್ ಹಿಡಿದು ಗದ್ದೆಗೆ ಹೋಗುವುದು ಅಂತಲೇ ಅರ್ಥ.

ಅದೇ ಕೊಪ್ಪಳ ಜಿಲ್ಲೆಯ ಗಿಣಿಗೇರಾ ಸುತ್ತ ಉಕ್ಕು, ಸ್ಪಾಂಜ್ ಐರನ್ ಕಾರ್ಖಾನೆಗಳ ಸಾಲೇ ಇದೆ. ಅವು ಬ್ಯಾಟರಿ ಇಟ್ಟುಕೊಂಡರೆ ಗ್ರಿಡ್ ಮೇಲಿನ ಹೊರೆ ಇಳಿಯುತ್ತೆ ಅನ್ನೋ ಮಾತು ಈಗ ಜೋರಾಗಿದೆ. ಇಳಿಯುತ್ತಾ? ಇಳಿಯಬಹುದು. ಆದರೆ ತಾನಾಗಿಯೇ ಅಲ್ಲ.

ದೊಡ್ಡ ಗ್ರಾಹಕರ ಬಿಲ್ಲಿನಲ್ಲಿ ಎರಡು ಭಾಗ ಇರುತ್ತೆ. ಒಂದು, ಬಳಸಿದ ಯೂನಿಟ್‌ಗಳ ದುಡ್ಡು. ಇನ್ನೊಂದು ಡಿಮ್ಯಾಂಡ್ ಚಾರ್ಜ್. ತಿಂಗಳಲ್ಲಿ ಯಾವುದೋ ಒಂದು 15 ನಿಮಿಷ ಎಲ್ಲಾ ಮೋಟಾರು, ಫರ್ನೇಸು ಒಟ್ಟಿಗೆ ಓಡಿದರೆ, ಆ ಗರಿಷ್ಠ ಮಟ್ಟವೇ ಇಡೀ ತಿಂಗಳ ಲೆಕ್ಕಕ್ಕೆ ಆಧಾರ. ಬ್ಯಾಟರಿ ಆ ಹೊತ್ತಲ್ಲಿ ಕರೆಂಟ್ ಕೊಟ್ಟು ಶಿಖರವನ್ನು ಕತ್ತರಿಸುತ್ತೆ.

ಲೆಕ್ಕ ಹಾಕೋಣ. 1,000 ಕೆವಿಎ ಒಪ್ಪಂದದ ಕಾರ್ಖಾನೆ, ಕೆವಿಎಗೆ ₹340 ಅಂದುಕೊಳ್ಳಿ. ತಿಂಗಳಿಗೆ ₹3.4 ಲಕ್ಷ. ಬ್ಯಾಟರಿಯಿಂದ ಶಿಖರವನ್ನು 800ಕ್ಕೆ ಇಳಿಸಿದರೂ, ಒಪ್ಪಂದದ ಶೇ. 85ಕ್ಕಿಂತ ಕಡಿಮೆಗೆ ಬಿಲ್ ಆಗಲ್ಲ ಅಂದುಕೊಳ್ಳಿ. ಅಂದ್ರೆ 850ಕ್ಕೆ ಕಟ್ಟಬೇಕು. ಉಳಿತಾಯ ₹51,000. ಒಪ್ಪಂದವನ್ನೇ ಕಡಿಮೆ ಮಾಡಿಸಿಕೊಂಡರೆ ಮಾತ್ರ ಅದಕ್ಕಿಂತ ಹೆಚ್ಚು. ಗಂಗಾವತಿ, ಕಾರಟಗಿಯ ರೈಸ್‌ಮಿಲ್‌ಗಳ ಕಥೆ ಇನ್ನೂ ಕಷ್ಟ: ಸುಗ್ಗಿಯಲ್ಲಿ ದಿನವಿಡೀ ಒಂದೇ ಸಮನೆ ಓಡುತ್ತವೆ, ಕತ್ತರಿಸಲು ಶಿಖರವೇ ಇಲ್ಲ. ಉಳಿದ ತಿಂಗಳು ಬ್ಯಾಟರಿಗೆ ಕೆಲಸವಿಲ್ಲ.

ಆದರೆ ನಿಜವಾದ ಕೊಕ್ಕೆ ಇರೋದು ಬೇರೆ ಕಡೆ. ಕಾರ್ಖಾನೆಯ ಶಿಖರ ಬೆಳಗ್ಗೆ 11ಕ್ಕೆ ಬರಬಹುದು, ಆಗ ರಾಜ್ಯದಲ್ಲಿ ಸೋಲಾರ್ ಧಾರಾಳ. ಸೂರ್ಯ ಮುಳುಗಿದ ಮೇಲೆ, ಮನೆಮನೆಯಲ್ಲೂ ದೀಪ ಹತ್ತಿದಾಗ ಗ್ರಿಡ್‌ಗೆ ಉಸಿರು ಕಟ್ಟೋದು. ಡಿಮ್ಯಾಂಡ್ ಚಾರ್ಜ್‌ಗೆ ಈ ವ್ಯತ್ಯಾಸ ಗೊತ್ತಿಲ್ಲ. ಹೀಗಾಗಿ ಕಂಪನಿಯ ಬಿಲ್ ಇಳಿದರೂ ಹಳ್ಳಿಗೆ ಒಂದು ನಿಮಿಷವೂ ಹೆಚ್ಚು ಕರೆಂಟ್ ಸಿಗದೇ ಇರಬಹುದು. ಅಷ್ಟೇ ಅಲ್ಲ, ಜೆಸ್ಕಾಂನ ಲೈನು, ಸಬ್‌ಸ್ಟೇಷನ್‌ಗಳ ಖರ್ಚು ಹಾಗೇ ಉಳಿಯುತ್ತೆ. ದೊಡ್ಡವರು ಕಟ್ಟದೆ ಉಳಿಸಿದ್ದನ್ನು ಕೊನೆಗೆ ಯಾರು ತುಂಬಬೇಕು? ಬ್ಯಾಟರಿ ಕೊಳ್ಳಲಾಗದ ಸಣ್ಣ ವರ್ಕ್‌ಶಾಪಿನವರು, ಮನೆಗಳವರು.

ಸಮಯಕ್ಕೆ ತಕ್ಕ ದರ ಇದಕ್ಕೆ ಮದ್ದು. ನಮ್ಮಲ್ಲಿ ವರ್ಷಗಳ ಕಾಲ ನಡೆದ ಲೆಕ್ಕ ಹೀಗಿತ್ತು: ಸಂಜೆ 6ರಿಂದ 10 ಯೂನಿಟ್‌ಗೆ ₹1 ಹೆಚ್ಚು, ರಾತ್ರಿ 10ರ ನಂತರ ₹1 ಕಡಿಮೆ. ಅದು ಸೋಲಾರ್‌ಗಿಂತ ಹಿಂದಿನ ಕಾಲದ ಯೋಚನೆ. ಅದರ ಪ್ರಕಾರ ಬ್ಯಾಟರಿ ತುಂಬಿಸಲು ಅಗ್ಗದ ಹೊತ್ತು ನಡುರಾತ್ರಿ, ಅಂದ್ರೆ ರಾಯಚೂರು, ಕುಡತಿನಿಯಲ್ಲಿ ಕಲ್ಲಿದ್ದಲು ಉರಿಯುವ ಹೊತ್ತು. ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಹೊಳೆಯುವ ಮಧ್ಯಾಹ್ನ ಅಲ್ಲ! ಕೇಂದ್ರದ 2023ರ ನಿಯಮ ಈ ದಿಕ್ಕನ್ನೇ ತಿರುಗಿಸಿದೆ: ಸೋಲಾರ್ ಹೊತ್ತಲ್ಲಿ ಕನಿಷ್ಠ ಶೇ. 20 ಅಗ್ಗ, ಪೀಕ್ ಹೊತ್ತಲ್ಲಿ ಉದ್ಯಮಗಳಿಗೆ ಕನಿಷ್ಠ 1.2 ಪಟ್ಟು.

ಬ್ಯಾಟರಿ ದುಬಾರಿ ಅನ್ನೋ ನೆಪ ಕೂಡ ಸವೆಯುತ್ತಿದೆ. 2022ರ ಸೆಕಿ ಟೆಂಡರ್‌ನಲ್ಲಿ ಮೆಗಾವ್ಯಾಟ್‌ಗೆ ತಿಂಗಳಿಗೆ ₹10.84 ಲಕ್ಷ ಇದ್ದ ದರ, 2024ರ ಕೊನೆಗೆ ರಾಜಸ್ಥಾನದಲ್ಲಿ, ಕೇಂದ್ರದ ನೆರವೂ ಸೇರಿ, ₹2.21 ಲಕ್ಷಕ್ಕೆ ಬಂತು.

ಹಾಗಾಗಿ ಈಗಿನ ಪ್ರಶ್ನೆ ತಂತ್ರಜ್ಞಾನದ್ದಲ್ಲ, ದರದ್ದು. ದರ ನಿಗದಿ ಮಾಡೋದು ಕೆಇಆರ್‌ಸಿ, ಅದಕ್ಕೂ ಮುಂಚೆ ಸಾರ್ವಜನಿಕರ ಆಕ್ಷೇಪಣೆ ಕೇಳುತ್ತೆ. ಅಲ್ಲಿ ಉದ್ಯಮ ಸಂಘಗಳು ವಕೀಲರ ಜೊತೆ ಬರುತ್ತವೆ. ಕೊಪ್ಪಳದ ಹೊಗೆ ಕುಡಿಯುವವರೂ ಒಂದು ಅರ್ಜಿ ಹಾಕಬೇಕು. ಕೇಳಬೇಕಾದ್ದು ಇಷ್ಟೇ: ಬ್ಯಾಟರಿಗೆ ರಿಯಾಯಿತಿ ಕೊಡಿ, ಆದರೆ ಅದು ಸಂಜೆ ಗ್ರಿಡ್‌ನ ಭಾರ ಇಳಿಸಿದ್ದಕ್ಕೆ ಮಾತ್ರ. ಉಳಿದ ಆ ಕರೆಂಟ್ ಯಾವ ಫೀಡರ್‌ಗೆ ಹೋಯಿತು ಅಂತಲೂ ಲೆಕ್ಕ ಕೊಡಿ.