ಬೀರುವಿನ ಬೋರ್ಡು ರಜೆಗೆ ಕೊಡಿ

ನಾವು ಮೂರು ಜನ. ಕೊಪ್ಪ, ಶೃಂಗೇರಿ, ಎನ್.ಆರ್.ಪುರ, ಊರಿಗೊಬ್ಬರು. ಕಳೆದ ಸೆಮಿಸ್ಟರಿನಲ್ಲಿ ಲ್ಯಾಬಿನ ಎಫ್‌ಪಿಜಿಎ ಬೋರ್ಡಿನ ಮೇಲೆ ಮಾಡಿದ್ದು ಇಷ್ಟು: ಕೌಂಟರ್, ಟ್ರಾಫಿಕ್ ಲೈಟು, ಮತ್ತೆ ಕೌಂಟರ್. ಆಮೇಲೆ ಬೋರ್ಡು ಬೀರು ಸೇರಿತು, ಬೀಗ ಬಿತ್ತು.

ಅದೇ ಜಾತಿಯ ಚಿಪ್ಪು ಜಿನೀವಾದ ಸರ್ನ್‌ನಲ್ಲಿ ಏನು ಮಾಡ್ತಿದೆ ನೋಡಿ. ಎಲ್‌ಎಚ್‌ಸಿಯಲ್ಲಿ 25 ನ್ಯಾನೋಸೆಕೆಂಡಿಗೊಮ್ಮೆ, ಅಂದ್ರೆ ಸೆಕೆಂಡಿಗೆ 4 ಕೋಟಿ ಸಲ, ಪ್ರೋಟಾನ್ ಗುಂಪುಗಳು ಎದುರಾಗುತ್ತವೆ. ಅಷ್ಟನ್ನೂ ಉಳಿಸಿಟ್ಟುಕೊಳ್ಳೋಕೆ ಆಗಲ್ಲ. ಸಿಎಂಎಸ್ ಪ್ರಯೋಗದ ಎಫ್‌ಪಿಜಿಎಗಳು ಸುಮಾರು 4 ಮೈಕ್ರೋಸೆಕೆಂಡಿನಲ್ಲಿ ಜೊಳ್ಳು ತೂರಿ, ಸೆಕೆಂಡಿಗೆ ಹೆಚ್ಚುಕಮ್ಮಿ 1 ಲಕ್ಷವನ್ನು ಮಾತ್ರ ಮುಂದೆ ಬಿಡುತ್ತವೆ.

ಅದಕ್ಕೂ ನಮಗೂ ಏನು ಸಂಬಂಧ ಅನ್ನೋರಿಗೆ ಕೋಲಾರ ನೆನಪಿಸಬೇಕು. 1965ರಲ್ಲಿ ಕೆಜಿಎಫ್ ಗಣಿಯಲ್ಲಿ, 2 ಕಿ.ಮೀ.ಗಿಂತ ಆಳದಲ್ಲಿ, ವಾತಾವರಣದ ನ್ಯೂಟ್ರಿನೋ ಗುರುತು ಸಿಕ್ಕಿತ್ತು. ಅಷ್ಟು ಆಳ ಯಾಕೆ? ಮೇಲೆ ಮ್ಯುಯಾನ್ ಕಾಟ. ನಮ್ಮ ಅಂಗೈ ಮೂಲಕವೇ ಸೆಕೆಂಡಿಗೆ ಸುಮಾರು ಒಂದು ಹಾದುಹೋಗ್ತದೆ. ಬಂಡೆ ಅವನ್ನ ತಡೆಯುತ್ತದೆ.

ಎಷ್ಟು ಆಳಕ್ಕೆ ಎಷ್ಟು ಮ್ಯುಯಾನ್ ಉಳಿದಾವು? ಇದನ್ನ ಲ್ಯಾಬ್ ಬೋರ್ಡಲ್ಲೇ ಸಿಮ್ಯುಲೇಟ್ ಮಾಡಬಹುದು ಅನ್ನೋದು ನಮ್ಮ ವಾದ. ಪ್ರೊಸೆಸರಿನ ಒಂದು ಕೋರ್ ಅಂದ್ರೆ ಒಂಟಿ ಆಳು. ಎಫ್‌ಪಿಜಿಎ ಅಂದ್ರೆ ಅಡಿಕೆ ಕೊಯ್ಲಿನ ಮನೆ: ಕೊನೆಗಾರ ಮರದ ಮೇಲೆ, ಸುಲಿಯೋರು ಮೆಟ್ಟುಗತ್ತಿ ಮುಂದೆ, ಹಂಡೆ ಒಲೆ ಮೇಲೆ, ನಿನ್ನೆ ಬೇಯಿಸಿದ್ದು ಅಂಗಳದಲ್ಲಿ. ಯಾರೂ ಯಾರಿಗೂ ಕಾಯಲ್ಲ. ಹಾಗೇ ಬಂಡೆಯನ್ನ ಪದರಗಳಾಗಿ ಒಡೆದು, ಪದರಕ್ಕೊಂದು ಸರ್ಕ್ಯೂಟ್ ಇಟ್ಟು, ಪ್ರತಿ ಕ್ಲಾಕಿಗೆ ಒಂದು ಹೊಸ ಮ್ಯುಯಾನ್ ಒಳಗೆ ಬಿಡೋದು. ಒಂದೊಂದು ಪದರದಲ್ಲೂ ಅದು ಎಷ್ಟು ಶಕ್ತಿ ಕಳ್ಕೊಳ್ತದೆ ಅನ್ನೋದು ದಾಳದ ಮೇಲೆ. 100 ಮೆಗಾಹರ್ಟ್ಸ್ ಕ್ಲಾಕ್ ಸಿಕ್ಕರೆ, ಪೈಪ್‌ಲೈನ್ ತುಂಬಿದ ಮೇಲೆ ಸೆಕೆಂಡಿಗೆ 10 ಕೋಟಿ ಮ್ಯುಯಾನ್! ದಾಳಕ್ಕೆ ಎಲ್‌ಎಫ್‌ಎಸ್‌ಆರ್ ಸಾಕು, ಪರೀಕ್ಷೆಗೆ ಹೇಗೂ ಬಾಯಿಪಾಠ ಮಾಡಿದ್ದೇವಲ್ಲ. (ಒಂದೇ ಎಲ್‌ಎಫ್‌ಎಸ್‌ಆರ್ ಎಲ್ಲ ಪದರಕ್ಕೂ ಹಂಚಬೇಡಿ, ದಾಳಗಳು ಮಾತಾಡಿಕೊಂಡ ಹಾಗೆ ಬೀಳ್ತವೆ.)

ಎಲ್ಲದಕ್ಕೂ ಎಫ್‌ಪಿಜಿಎ ಅನ್ನೋ ಹಠ ನಮಗಿಲ್ಲ. ಜಿಯಾಂಟ್4 ತರದ ಪೂರ್ತಿ ಸಿಮ್ಯುಲೇಶನ್‌ನಲ್ಲಿ ಹೆಜ್ಜೆಗೊಂದು ಕವಲು, ಅದು ಇಂಥ ಚಿಪ್ಪಿಗೆ ಒಗ್ಗೋದು ಕಷ್ಟ. ಎಲ್‌ಎಚ್‌ಸಿಬಿಯವರು ಮೊದಲ ಹಂತದ ಆಯ್ಕೆಗೆ ಜಿಪಿಯುನೇ ಹಿಡಿದರು. ಆದ್ರೆ ಯಾವುದು ಎಲ್ಲಿ ಒಗ್ತದೆ ಅಂತ ಗೊತ್ತಾಗೋದು ಮಾಡಿ ಕೆಡಿಸಿದ ಮೇಲೆ. ಟ್ರಾಫಿಕ್ ಲೈಟಿನಲ್ಲಿ ಕೆಡಿಸೋಕೂ ಏನಿಲ್ಲ.

ಇನ್ನು ರಜೆ. ವಿವಾಡೊ ಡೌನ್‌ಲೋಡೇ ಹತ್ತಾರು ಜಿಬಿ. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಜೊತೆಗೇ ಹೋಗುವ ನಮ್ಮೂರಲ್ಲಿ ಅದು ಮುಗಿಯೋ ಮಾತಲ್ಲ. ಅಷ್ಟರಲ್ಲಿ ಬೆಂಗಳೂರಿನ ಗೆಳೆಯರು ಪ್ರಾಜೆಕ್ಟ್ ಮುಗಿಸಿ ರೆಸ್ಯೂಮೆಗೂ ಸೇರಿಸಿರ್ತಾರೆ. ಹಾಗಾಗಿ ನಮ್ಮ ಬೇಡಿಕೆ: ಸಾಫ್ಟ್‌ವೇರನ್ನ ಒಂದು ಹಾರ್ಡ್‌ಡಿಸ್ಕಿನಲ್ಲಿ ಹಾಕಿಡಿ. ಬೋರ್ಡನ್ನ ಲೈಬ್ರರಿ ಪುಸ್ತಕದ ಹಾಗೆ ರಜೆಗೆ ಎರವಲು ಕೊಡಿ. ಸಹಿ ತಗೊಳ್ಳಿ, ಡೆಪಾಸಿಟ್ ಇಟ್ಟುಕೊಳ್ಳಿ.

ಅಲ್ಲಿವರೆಗೆ ನಾವು ಚಿಕ್ಕದಾದ, ಪುಕ್ಕಟೆ ಸಿಗುವ ಇಕಾರಸ್ ವೆರಿಲಾಗ್‌ನಲ್ಲಿ ಮೊದಲ ನಾಲ್ಕು ಪದರ ಬರೀತಿದ್ದೇವೆ. ಮೂರನೇ ಪದರದಲ್ಲಿ ಮ್ಯುಯಾನ್‌ಗಳ ಶಕ್ತಿ ಕಮ್ಮಿಯಾಗೋ ಬದಲು ಜಾಸ್ತಿ ಆಗ್ತಿದೆ. ಯಾರಿಗಾದ್ರೂ ತಪ್ಪು ಹೊಳೆದರೆ ಲ್ಯಾಬ್ ಹತ್ರ ಸಿಗಿ.