ಬಚ್ಚಲಿಗೆ ಬಂದ ಕಂಪಿನ ಉಂಡೆ

ನೀರು ತುಂಬುವ ಹಬ್ಬದ ಸಂಜೆ ಕೊಪ್ಪಳ ಸೀಮೆಯ ಅಳವಂಡಿಯಂತಹ ಊರುಗಳಲ್ಲಿ ಹಂಡೆಯನ್ನು ಬೆಳಗಿ, ಸುಣ್ಣ ಕೆಮ್ಮಣ್ಣುಗಳ ಗೆರೆಯೆಳೆದು, ಅದರ ಕೊರಳಿಗೆ ಬಳ್ಳಿ ಸುತ್ತಿ ಪೂಜಿಸುವುದು ವಾಡಿಕೆ. ಮರುದಿನ ನಸುಕಿನಲ್ಲಿ ಎಣ್ಣೆಯೊತ್ತಿ ನೀರೆರೆಯುವ ಸಂಭ್ರಮ. ಮಳೆಯನ್ನೇ ನೆಚ್ಚಿದ ಎರೆಭೂಮಿಯ ಜನ ನೀರಿಗೆ ಇಷ್ಟು ಗೌರವ ಸಲ್ಲಿಸುವುದು ಸಹಜವೇ. ಸ್ನಾನಕ್ಕೆ ಸುಗಂಧ ಬೆರೆಸುವ ಬಯಕೆಯೂ ಆ ಸೀಮೆಗೆ ಹೊಸದಲ್ಲ. ಅದೇ ಜಿಲ್ಲೆಯ ಇಟಗಿಯ ಮಹಾದೇವ ದೇವಾಲಯವು 1112ರಲ್ಲಿ ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ನಿರ್ಮಾಣವಾಯಿತು. ಅವನ ಮಗ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಸ್ನಾನಭೋಗಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ.

ಈಗ ಪೇಟೆಯ ಅಂಗಡಿಗಳಲ್ಲಿ ‘ಬಾತ್ ಬಾಂಬ್’ ಎಂಬ ಬಣ್ಣದ ಉಂಡೆಯೊಂದು ಮೆರೆಯುತ್ತಿದೆ. 1989ರಲ್ಲಿ ಇಂಗ್ಲೆಂಡಿನ ಮೊ ಕಾನ್‌ಸ್ಟಂಟೈನ್ ಎಂಬ ಮಹಿಳೆ ಇದನ್ನು ರೂಪಿಸಿದಳು. ನೀರಿಗೆ ಬಿದ್ದೊಡನೆ ಇದು ಬುಸುಗುಟ್ಟಿ ಕರಗಿ ಕಂಪು ಬೀರುತ್ತದೆ. ಆದರೆ ಇದು ಹುಟ್ಟಿದ್ದು ಮೈಚಾಚಿ ಮಲಗುವ ತೊಟ್ಟಿಗಾಗಿ. ಅಂತಹ ತೊಟ್ಟಿ ತುಂಬಲು ನೂರು ಲೀಟರಿಗೂ ಮಿಗಿಲಾಗಿ ನೀರು ಬೇಕು. ನಲ್ಲಿಯ ಸರದಿ ಕಾದು ಕೊಡ ತುಂಬಿಕೊಳ್ಳುವ ಮನೆಗೆ ಆ ವೈಭವ ಸಲ್ಲದು. ಉಂಡೆಯನ್ನೇ ಬಕೆಟ್ಟಿನ ಅಳತೆಗೆ ಇಳಿಸಿಕೊಳ್ಳುವುದು ಜಾಣತನ.

ಬೇಕಾದ ಸಾಮಗ್ರಿ ಅಡಿಗೆಮನೆಯದೇ. ಅಡಿಗೆ ಸೋಡ 200 ಗ್ರಾಂ, ನಿಂಬೆ ಉಪ್ಪು 100 ಗ್ರಾಂ, ನಯವಾದ ಅಕ್ಕಿಹಿಟ್ಟು 50 ಗ್ರಾಂ. ನಿಂಬೆ ಉಪ್ಪನ್ನು ಪುಡಿಮಾಡಿ ಎಲ್ಲವನ್ನೂ ಜರಡಿಯಾಡಿಸಬೇಕು. ಎರಡು ದೊಡ್ಡ ಚಮಚ ಕೊಬ್ಬರಿ ಎಣ್ಣೆಗೆ ಹತ್ತು ಹನಿ ಲಾವಂಚದ ಎಣ್ಣೆ ಬೆರೆಸಿ, ಪುಡಿಗೆ ಸ್ವಲ್ಪಸ್ವಲ್ಪವಾಗಿ ಸುರಿದು ತಿಕ್ಕಬೇಕು. ಮುಷ್ಟಿಯಲ್ಲಿ ಹಿಡಿದರೆ ನಿಲ್ಲುವಷ್ಟು ಹದ ಬಾರದಿದ್ದರೆ ಬೆರಳ ತುದಿಯಿಂದ ನಾಲ್ಕು ಹನಿ ನೀರು ಚಿಮುಕಿಸಿದರೆ ಸಾಕು; ಹೆಚ್ಚಾದರೆ ಪಾತ್ರೆಯಲ್ಲಿಯೇ ನೊರೆಯೆದ್ದು ಶ್ರಮ ವ್ಯರ್ಥವಾದೀತು. ಪಂಚಮಿಯ ಉಂಡಿ ಕಟ್ಟಿ ಪಳಗಿದ ಕೈಗೆ ಮುಂದಿನ ಕೆಲಸ ಕಷ್ಟವಲ್ಲ. ನಿಂಬೆಹಣ್ಣಿನ ಗಾತ್ರದ ಹನ್ನೆರಡು ಉಂಡೆಗಳಾಗುತ್ತವೆ. ಒಂದು ದಿನ ನೆರಳಲ್ಲಿ ಒಣಗಿಸಿ, ಬಿಗಿಮುಚ್ಚಳದ ಡಬ್ಬಿಯಲ್ಲಿಡಬೇಕು. ಮಳೆಗಾಲದ ತೇವದ ಗಾಳಿ ತಾಕಿದರೆ ಉಂಡೆ ಉಬ್ಬಿ ಬಿರಿಯುತ್ತದೆ.

ಸೋಡ ಮತ್ತು ಹುಳಿ ಒಣಗಿರುವಾಗ ಒಂದರೊಡನೊಂದು ಸುಮ್ಮನಿರುತ್ತವೆ. ನೀರು ಸೋಕಿದೊಡನೆ ಸಂಯೋಗ ಹೊಂದಿ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಹೊರಗೆಡಹುತ್ತವೆ. ಗುಳ್ಳೆಗಳ ಗುಟ್ಟು ಇದು. ಸೋಡದ ಅಂಶ ನಿಂಬೆ ಹುಳಿಯೊಡನೆ ಕೂಡಿ ಸೋಡಿಯಂ ಸಿಟ್ರೇಟ್ ಎಂಬ ಲವಣವಾಗಿ ನೀರಿನಲ್ಲಿ ಉಳಿಯುತ್ತದೆ. ಕೊಪ್ಪಳ ಸೀಮೆಯ ಹಲವು ಕೊಳವೆಬಾವಿಗಳ ನೀರು ಗಡುಸು. ಎಷ್ಟು ತಿಕ್ಕಿದರೂ ಸಾಬೂನು ನೊರೆಗೊಡದೆ ಜಿಡ್ಡಾಗಿ ಅಂಟುತ್ತದೆ. ನೀರಿನಲ್ಲಿ ಕರಗಿರುವ ಸುಣ್ಣದ ಅಂಶವನ್ನು ಈ ಲವಣವು ಸ್ವಲ್ಪಮಟ್ಟಿಗೆ ಹಿಡಿದಿಡುವುದರಿಂದ ಆ ತೊಂದರೆ ತುಸು ತಗ್ಗುತ್ತದೆ. ಕಂಪಿನ ಜೊತೆಗೆ ಇದೂ ಒಂದು ಲಾಭ.

ಕೆಲವು ಎಚ್ಚರಿಕೆಗಳು ಅವಶ್ಯ. ಉಂಡೆಯನ್ನು ತಾಮ್ರದ ಹಂಡೆಗೆ ಹಾಕಲಾಗದು; ಹುಳಿಗೂ ತಾಮ್ರಕ್ಕೂ ಆಗಿಬರುವುದಿಲ್ಲ. ಬಿಸಿನೀರನ್ನು ಪ್ಲಾಸ್ಟಿಕ್ ಬಕೆಟ್ಟಿಗೆ ತೋಡಿಕೊಂಡು ಒಂದೇ ಉಂಡೆ ಬಿಡಬೇಕು. ಆ ನೀರು ಕಣ್ಣಿಗೆ ಬಿದ್ದರೆ ಉರಿಯುತ್ತದೆ. ಆದುದರಿಂದ ಮುಖಕ್ಕೆ ಬೇರೆ ನೀರಿರಲಿ. ಗಾಯವಿದ್ದವರೂ ಎಳೆಗೂಸುಗಳೂ ಇದರಿಂದ ದೂರವಿರುವುದು ಲೇಸು. ಎಣ್ಣೆಯ ಪಸೆಯಿಂದ ಬಚ್ಚಲ ಕಲ್ಲು ಜಾರುವುದುಂಟು. ಹಿರಿಯರು ಮೀಯುವ ಮೊದಲು ನೆಲವನ್ನು ತೊಳೆದಿಡಬೇಕು. ಎಲ್ಲಕ್ಕಿಂತ ಮುಖ್ಯವಾದ ಮಾತೆಂದರೆ, ಕಣ್ಣಿಗೆ ಇದು ತಿನಿಸಿನ ಉಂಡೆಯಂತೆಯೇ ಕಾಣುತ್ತದೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ‘ಸ್ನಾನಕ್ಕೆ ಮಾತ್ರ’ ಎಂದು ಬರೆದು, ಮಕ್ಕಳ ಕೈಗೆಟುಕದ ನೆಲುವಿನ ಮೇಲೆ ಇಡತಕ್ಕದ್ದು.

ಇಷ್ಟು ಪಾಲಿಸಿದರೆ ಒಂದು ಬಕೆಟ್ ನೀರಿನಲ್ಲಿಯೂ ಅರಸರ ಸ್ನಾನಭೋಗದ ಒಂದು ಪಾಲು ಮನೆಮಂದಿಗೆಲ್ಲ ದೊರೆಯುವುದು. ಅದಕ್ಕಾಗಿ ಒಂದು ಕೊಡ ನೀರನ್ನೂ ಹೆಚ್ಚಾಗಿ ಚೆಲ್ಲಬೇಕಾಗಿಲ್ಲ.