ಅಗ್ಗದ ವಿಮಾನ ಟಿಕೆಟ್‌ನ ಉಳಿದ ಹಣ ತೆರುವವರು ಯಾರು?

2025ರ ಡಿಸೆಂಬರ್ ಮೊದಲ ವಾರದಲ್ಲಿ ಹುಬ್ಬಳ್ಳಿಯ ಒಂದು ಸುದ್ದಿ ದೇಶದ ಗಮನ ಸೆಳೆಯಿತು. ವಿಮಾನ ರದ್ದಾದ ಕಾರಣ ನವದಂಪತಿ ತಮ್ಮದೇ ಆರತಕ್ಷತೆಗೆ ಬಂದು ತಲುಪಲಿಲ್ಲ. ಅವರಿಗಾಗಿ ಇಟ್ಟಿದ್ದ ಆಸನದಲ್ಲಿ ವಧುವಿನ ಹೆತ್ತವರು ಕುಳಿತರು. ಮದುಮಕ್ಕಳು ದೂರದ ಭುವನೇಶ್ವರದಿಂದ ಪರದೆಯ ಮೇಲೆ ಕಾಣಿಸಿಕೊಂಡು ಅತಿಥಿಗಳಿಗೆ ಕೈಮುಗಿದರು. ಓದಿದವರು ನಕ್ಕಿರಬಹುದು. ಆದರೆ ಆ ವಾರ ಇಂಡಿಗೋ ಸಂಸ್ಥೆಯ ಸಾವಿರಾರು ಹಾರಾಟಗಳು ರದ್ದಾದವು. ಡಿಸೆಂಬರ್ 5ರ ಒಂದೇ ದಿನ ರದ್ದಾದವು ಸಾವಿರಕ್ಕೂ ಮಿಕ್ಕಿ. ಆಸ್ಪತ್ರೆಗೆ, ಪರೀಕ್ಷೆಗೆ, ಸಾವಿನ ಮನೆಗೆ ಹೊರಟವರಿಗೆ ಇಂತಹ ದಿನಗಳು ನಗುವ ದಿನಗಳಲ್ಲ.

ಇದಕ್ಕೆ ಕಾರಣವೇನೆಂದು ನಾವು ತಿಳಿಯಬೇಕು. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸಿ, ರಾತ್ರಿ ಹೊತ್ತು ಒಬ್ಬ ಪೈಲಟ್ ವಿಮಾನ ಇಳಿಸುವ ಸಲಗಳನ್ನು ಮಿತಿಗೊಳಿಸಿ ನಾಗರಿಕ ವಿಮಾನಯಾನ ನಿರ್ದೇಶನಾಲಯ ಹೊಸ ನಿಯಮ ತಂದಿತ್ತು. ನಿಯಮವು ದಿಢೀರನೆ ಬಂದುದಲ್ಲ. 2024ರ ಜನವರಿಯಲ್ಲೇ ಪ್ರಕಟವಾಗಿ, 2025ರ ಜುಲೈ ಮತ್ತು ನವೆಂಬರ್ ತಿಂಗಳುಗಳಲ್ಲಿ ಎರಡು ಹಂತಗಳಾಗಿ ಜಾರಿಗೆ ಬಂತು. ಆದರೂ ದೇಶದ ಅತಿ ದೊಡ್ಡ ಸಂಸ್ಥೆಯ ಬಳಿ ಸಾಕಷ್ಟು ಪೈಲಟ್‌ಗಳು ಇರಲಿಲ್ಲ. ಕೊನೆಗೆ ಸರಕಾರ ಆ ಸಂಸ್ಥೆಗೆ ತಾತ್ಕಾಲಿಕ ವಿನಾಯಿತಿ ಕೊಡಬೇಕಾಯಿತು, ಗಗನಕ್ಕೇರಿದ್ದ ಟಿಕೆಟ್ ದರಕ್ಕೆ ಮಿತಿ ಹಾಕಬೇಕಾಯಿತು. ಕಡಿಮೆ ದರದ ವಿಮಾನ ಯಾನ ಇನ್ನೆಷ್ಟು ದಿನ ನಡೆದೀತು ಎಂಬ ಪ್ರಶ್ನೆ ಇಲ್ಲಿಂದ ಹುಟ್ಟುತ್ತದೆ.

ಕನ್ನಡಿಗರ ಕನಸು

ಭಾರತದಲ್ಲಿ ಈ ವ್ಯವಹಾರದ ಬೀಜ ಬಿತ್ತಿದವರು ಕರ್ನಾಟಕದವರೇ ಎಂಬುದು ನಮಗೆ ಹೆಮ್ಮೆಯ ವಿಷಯ. ಹಾಸನ ಜಿಲ್ಲೆಯ ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಸೈನ್ಯದಿಂದ ಬಂದು, ಬೇಸಾಯ ಮಾಡಿ, ಹೆಲಿಕಾಪ್ಟರ್ ಸೇವೆ ನಡೆಸಿ, 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಆರಂಭಿಸಿದರು. ಬೆಂಗಳೂರು-ಹುಬ್ಬಳ್ಳಿ ಅದರ ಮೊದಮೊದಲ ಮಾರ್ಗಗಳಲ್ಲೊಂದು. ಆರ್.ಕೆ. ಲಕ್ಷ್ಮಣರ ‘ಕಾಮನ್ ಮ್ಯಾನ್’ ಅದರ ಗುರುತು. ಪುಕ್ಕಟೆ ಊಟವಿಲ್ಲ, ಪತ್ರಿಕೆಯಿಲ್ಲ. ಟಿಕೆಟ್ ಅಂತರ್ಜಾಲದಲ್ಲಿ, ಪೆಟ್ರೋಲ್ ಬಂಕಿನಲ್ಲಿ ಕೂಡ. ಕೆಲವು ಆಸನಗಳಿಗೆ ಒಂದು ರೂಪಾಯಿ ದರ. ಕೆಲವೇ ವರ್ಷಗಳಲ್ಲಿ ಅದು ಅರವತ್ತಕ್ಕೂ ಹೆಚ್ಚು ಊರುಗಳನ್ನು ಮುಟ್ಟಿತು. ಜೀವನದಲ್ಲಿ ಮೊದಲ ಬಾರಿಗೆ ವಿಮಾನ ಹತ್ತಿದ ಅನೇಕರು ಹತ್ತಿದ್ದು ಈ ಸಂಸ್ಥೆಯ ವಿಮಾನವನ್ನೇ.

ಆದರೆ ಪ್ರಯಾಣಿಕರು ತುಂಬಿದಷ್ಟು ಬೊಕ್ಕಸ ತುಂಬಲಿಲ್ಲ. 2007ರಲ್ಲಿ ವಿಜಯ್ ಮಲ್ಯರ ಯುಬಿ ಸಮೂಹ ಅದರಲ್ಲಿ ಪಾಲು ಕೊಂಡಿತು. ಐದು ವರ್ಷ ದೇಶದೊಳಗೆ ಹಾರಿದ ಸಂಸ್ಥೆಗೆ ಮಾತ್ರ ವಿದೇಶಕ್ಕೆ ಹಾರಲು ಅನುಮತಿ ಎಂಬ ನಿಯಮ ಆಗ ಇತ್ತು. ಡೆಕ್ಕನ್ ಕೈಸೇರಿದ ಮೇಲೆ 2008ರಲ್ಲಿ ಕಿಂಗ್‌ಫಿಷರ್ ವಿದೇಶ ಯಾನ ಆರಂಭಿಸಿತು. ‘ಕಾಮನ್ ಮ್ಯಾನ್’ ಮರೆಯಾದ, ‘ಕಿಂಗ್‌ಫಿಷರ್ ರೆಡ್’ ಬಂತು. 2011ರಲ್ಲಿ ಆ ಅಗ್ಗದ ಸೇವೆಯನ್ನು ಕೈಬಿಡುವುದಾಗಿ ಮಲ್ಯ ಸಾರಿದರು. 2012ರ ಅಕ್ಟೋಬರ್‌ನಲ್ಲಿ ಇಡೀ ಸಂಸ್ಥೆಯೇ ನೆಲಕಚ್ಚಿತು. ನೌಕರರ ತಿಂಗಳುಗಟ್ಟಲೆ ಸಂಬಳ, ಸಾರ್ವಜನಿಕ ಬ್ಯಾಂಕುಗಳ ಸಾವಿರಾರು ಕೋಟಿ ಸಾಲ ಹಾಗೆಯೇ ಉಳಿಯಿತು.

ಮೋಟೆಬೆನ್ನೂರಿನ ಲೆಕ್ಕ

ಇಷ್ಟು ಜನಪ್ರಿಯವಾದದ್ದು ಏಕೆ ಸೋಲುತ್ತದೆ? ಉತ್ತರಕ್ಕಾಗಿ ಹಾವೇರಿ ಜಿಲ್ಲೆಯ ಮೋಟೆಬೆನ್ನೂರನ್ನು ನೋಡೋಣ. ದಂಡಿ ಯಾತ್ರೆಯಲ್ಲಿ ಗಾಂಧೀಜಿಯವರೊಂದಿಗೆ ನಡೆದ ಮೈಲಾರ ಮಹದೇವಪ್ಪನವರ ಊರದು. ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿದೆ. ಮೆಣಸಿನಕಾಯಿಗೆ ಹೆಸರಾದ ಬ್ಯಾಡಗಿ ಹತ್ತಿರದಲ್ಲೇ. ಅಲ್ಲಿಂದ ಬೆಂಗಳೂರು ಮುನ್ನೂರು ಕಿಲೋಮೀಟರ್‌ಗೂ ಹೆಚ್ಚು. ಅಲ್ಲಿನ ಒಬ್ಬ ವ್ಯಾಪಾರಿ ವಿಮಾನದಲ್ಲಿ ಬೆಂಗಳೂರಿಗೆ ಹೋಗಬೇಕೆಂದರೆ ಮೊದಲು ಎಂಬತ್ತು ಕಿಲೋಮೀಟರ್‌ಗೂ ಹೆಚ್ಚು ದೂರವನ್ನು ವಿರುದ್ಧ ದಿಕ್ಕಿನಲ್ಲಿ ಕ್ರಮಿಸಿ ಹುಬ್ಬಳ್ಳಿ ಸೇರಬೇಕು. ಹಾರಾಟ ಸುಮಾರು ಒಂದು ಗಂಟೆಯದು. ಆದರೆ ಮುಂಚಿತವಾಗಿ ಹೋಗಿ ಕಾಯಬೇಕು, ದೇವನಹಳ್ಳಿಯಲ್ಲಿ ಇಳಿದು ನಗರಕ್ಕೆ ಮತ್ತೆ ಗಂಟೆಗಟ್ಟಲೆ ಹೋಗಬೇಕು. ಅದೇ ವ್ಯಾಪಾರಿ ರಾತ್ರಿ ಬಸ್ಸು ಹತ್ತಿದರೆ ನಿದ್ದೆ ಮಾಡುತ್ತಲೇ ಬೆಳಿಗ್ಗೆ ಊರ ನಡುವೆ ಇಳಿಯುತ್ತಾನೆ. ಹುಬ್ಬಳ್ಳಿಯವರಿಗೂ 2023ರಿಂದ ವಂದೇ ಭಾರತ್ ರೈಲು ಸಿಕ್ಕಿದೆ.

ಆದ್ದರಿಂದ ಇಂತಹ ಮಾರ್ಗದಲ್ಲಿ ವಿಮಾನದ ದರ ಬಸ್ಸು-ರೈಲಿನ ದರಕ್ಕಿಂತ ತುಂಬಾ ಮೇಲೇರಲಾರದು. ಕೆಳಗಿಳಿಯೋಣವೆಂದರೆ ಖರ್ಚು ಬಿಡುವುದಿಲ್ಲ. ಇಂಧನಕ್ಕೇ ವೆಚ್ಚದ ಬಹುದೊಡ್ಡ ಪಾಲು ಹೋಗುತ್ತದೆ. ವಿಮಾನದ ಬಾಡಿಗೆ, ಬಿಡಿಭಾಗಗಳ ಬೆಲೆ ಡಾಲರಿನಲ್ಲಿ; ಟಿಕೆಟ್ ಮಾರುವುದು ರೂಪಾಯಿಯಲ್ಲಿ. ರೂಪಾಯಿ ಕುಸಿದಷ್ಟೂ ನಷ್ಟ. ಮೇಲೆ ಬಸ್ಸಿನ ದರ, ಕೆಳಗೆ ಇಂಧನದ ದರ, ಇವೆರಡರ ನಡುವಿನ ಕಿರಿದಾದ ಸಂದಿಯಲ್ಲಿ ಅಗ್ಗದ ವಿಮಾನ ಹಾರಬೇಕು.

ಆ ಸಂದಿಯಲ್ಲಿ ಬದುಕಲು ಇರುವ ದಾರಿಗಳು ಕೆಲವೇ. ಒಂದೇ ಬಗೆಯ ವಿಮಾನ ಇಟ್ಟುಕೊಳ್ಳುವುದು, ಆಸನಗಳನ್ನು ಹತ್ತಿರ ಹತ್ತಿರ ಜೋಡಿಸುವುದು, ಇಳಿದ ಅರ್ಧ ಗಂಟೆಯಲ್ಲಿ ಮತ್ತೆ ಏರುವುದು, ಕಡಿಮೆ ಜನರಿಂದ ಹೆಚ್ಚು ಕೆಲಸ ತೆಗೆಯುವುದು. ಸ್ವಲ್ಪ ದೂರದವರೆಗೆ ಇದು ಜಾಣತನ. ಆದರೆ ಎಲ್ಲವನ್ನೂ ಇಷ್ಟು ಬಿಗಿಯಾಗಿ ಹೆಣೆದಾಗ ಒಂದು ಎಳೆ ಜಾರಿದರೂ ಬಟ್ಟೆಯೆಲ್ಲಾ ಬಿಚ್ಚಿಕೊಳ್ಳುತ್ತದೆ. ಎಂಜಿನ್ ತೊಂದರೆಯಿಂದ ವಿಮಾನಗಳು ನಿಂತವೆಂದು ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ದಿವಾಳಿ ಅರ್ಜಿ ಹಾಕಿತು, ಮತ್ತೆ ಹಾರಲಿಲ್ಲ. ಅಮೆರಿಕದ ಸ್ಪಿರಿಟ್ 2024ರಲ್ಲೂ 2025ರಲ್ಲೂ ದಿವಾಳಿ ರಕ್ಷಣೆ ಕೋರಿತು. ಈ ಪದ್ಧತಿಗೆ ಗುರುಸ್ಥಾನದಲ್ಲಿದ್ದ ಸೌತ್‌ವೆಸ್ಟ್ ಕೂಡ 2025ರಲ್ಲಿ ಬ್ಯಾಗಿಗೆ ಶುಲ್ಕ ವಿಧಿಸತೊಡಗಿತು. ನಮ್ಮ ಇಂಡಿಗೋ 2024ರ ನವೆಂಬರ್‌ನಲ್ಲಿ ದುಬಾರಿ ದರ್ಜೆಯ ಆಸನಗಳನ್ನು ಆರಂಭಿಸಿತು. ಅಗ್ಗದ ಟಿಕೆಟ್ ಮಾತ್ರ ನಂಬಿ ಉಳಿಯಲಾಗದು ಎಂದು ಮಾರುವವರೇ ಒಪ್ಪಿಕೊಳ್ಳುತ್ತಿದ್ದಾರೆ.

ಸರಕಾರದ ಊರುಗೋಲು

ಸಣ್ಣ ಊರುಗಳಿಗಾಗಿ ಕೇಂದ್ರ ಸರಕಾರ 2016ರಲ್ಲಿ ‘ಉಡಾನ್’ ಯೋಜನೆ ತಂದಿತು. ಗಂಟೆಯ ಹಾರಾಟಕ್ಕೆ ಸುಮಾರು ಎರಡೂವರೆ ಸಾವಿರ ರೂಪಾಯಿ ದರ, ನಷ್ಟಕ್ಕೆ ಮೂರು ವರ್ಷ ಸಹಾಯಧನ. ಹುಬ್ಬಳ್ಳಿಗೆ ಇದರಿಂದ ಉಪಕಾರವಾಯಿತು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ 2023ರ ಮಹಾಲೇಖಪಾಲರ ವರದಿ ಕಣ್ಣು ತೆರೆಸುವಂತಿದೆ. ಮೂರನೆಯ ಸುತ್ತಿನವರೆಗೆ ಹಂಚಿದ 774 ಮಾರ್ಗಗಳಲ್ಲಿ 403 ಆರಂಭವೇ ಆಗಲಿಲ್ಲ. ಆರಂಭವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಸಹಾಯಧನ ಮುಗಿದ ಮೇಲೂ 2023ರ ಮಾರ್ಚ್‌ನಲ್ಲಿ ಹಾರುತ್ತಿದ್ದುದು 54 ಮಾತ್ರ. ಗೋಪಿನಾಥರು 2017ರಲ್ಲಿ ಇದೇ ಯೋಜನೆಯಡಿ ಮತ್ತೆ ಎಬ್ಬಿಸಿದ ಏರ್ ಡೆಕ್ಕನ್ ಕೂಡ 2020ರ ಕೊರೋನಾ ಕಾಲದಲ್ಲಿ ನಿಂತಿತು.

ಹೀಗೆ ನೋಡಿದರೆ ಪ್ರಯಾಣಿಕ ಕೊಟ್ಟ ಅಗ್ಗದ ದರದ ಉಳಿದ ಹಣವನ್ನು ಯಾರೋ ಒಬ್ಬರು ತೆತ್ತಿದ್ದಾರೆ. ಒಮ್ಮೆ ಷೇರುದಾರ, ಒಮ್ಮೆ ಬ್ಯಾಂಕು, ಒಮ್ಮೆ ಸಂಬಳ ಸಿಗದ ನೌಕರ, ಒಮ್ಮೆ ತೆರಿಗೆದಾರ. ಒಬ್ಬೊಬ್ಬರೇ ಸ್ಪರ್ಧಿಗಳು ಬಿದ್ದ ಮೇಲೆ ಇಂಡಿಗೋ ಒಂದರ ಕೈಗೆ ದೇಶದ ಪ್ರಯಾಣಿಕರಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಜನ ಬಂದರು. ಆ ಒಂದು ಸಂಸ್ಥೆ ಎಡವಿದಾಗ ದೇಶವೇ ಎಡವಿದ್ದನ್ನು ಡಿಸೆಂಬರ್‌ನಲ್ಲಿ ಕಂಡೆವು.

ಕರಾವಳಿ ಮರೆಯಲಾಗದ ಪಾಠ

ಇವೆಲ್ಲಕ್ಕಿಂತ ದುಬಾರಿಯಾದ ಇನ್ನೊಂದು ಬೆಲೆಯಿದೆ. ಕರಾವಳಿಯವರಾದ ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಲ್ಲಿ ನಾಡಿನಲ್ಲಿ ದುಡಿಯುವ ನಮ್ಮವರಿಗೆ ಕಡಿಮೆ ದರದ ವಿಮಾನ ಬಂದದ್ದು ವರದಾನವೇ ಸರಿ. ಹೆತ್ತವರ ಕೊನೆಗಾಲಕ್ಕೆ, ತಂಗಿಯ ಮದುವೆಗೆ ಬರಲು ಅದರಿಂದ ಸಾಧ್ಯವಾಯಿತು. ಆದರೆ 2010ರ ಮೇ 22ರ ಮುಂಜಾನೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನಲ್ಲಿ ರನ್‌ವೇ ದಾಟಿ ಕಮರಿಗೆ ಬಿದ್ದು 158 ಮಂದಿ ಸತ್ತರು. ಅಸ್ಥಿರವಾಗಿದ್ದ ಇಳಿಯುವಿಕೆಯನ್ನು ಕ್ಯಾಪ್ಟನ್ ಕೈಬಿಡದೇ ಹೋದುದೇ ಕಾರಣವೆಂದು ತನಿಖಾ ನ್ಯಾಯಾಲಯ ಹೇಳಿತು. ಹಾರಾಟದ ನಡುವೆ ಅವರು ದೀರ್ಘಕಾಲ ನಿದ್ದೆಹೋಗಿದ್ದನ್ನೂ, ಆ ನಿದ್ದೆಯ ಮಂಪರನ್ನೂ ಪೂರಕ ಕಾರಣವಾಗಿ ದಾಖಲಿಸಿತು. ಅದೇ ಸಿಬ್ಬಂದಿ ರಾತ್ರಿ ಮಂಗಳೂರಿನಿಂದ ದುಬೈಗೆ ಹೋಗಿ ಬೆಳಗಾಗುವಷ್ಟರಲ್ಲಿ ಹಿಂದಿರುಗುವ ಹಾರಾಟವದು. ಆ ದುರಂತವನ್ನು ಅಗ್ಗದ ಟಿಕೆಟ್‌ನ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ದಣಿದ ಪೈಲಟ್ ಅಂದರೇನು ಎಂಬುದನ್ನು ನಾವು ಬಲ್ಲೆವು.

ಆದ್ದರಿಂದ ಡಿಸೆಂಬರ್‌ನ ಗದ್ದಲದಲ್ಲಿ ‘ನಿಯಮ ಸಡಿಲಿಸಿ, ವಿಮಾನ ಬಿಡಿ’ ಎಂಬ ಕೂಗಿಗೆ ನಾವು ದನಿಗೂಡಿಸಲಾರೆವು. ಟಿಕೆಟ್ ಇನ್ನೂರು ಮುನ್ನೂರು ರೂಪಾಯಿ ಏರಲಿ, ಪೈಲಟ್‌ನ ನಿದ್ದೆಯನ್ನು ಕಡಿತಗೊಳಿಸಬಾರದು. ಸಣ್ಣ ಊರುಗಳಿಗೆ ವಿಮಾನ ಬೇಕೆಂದು ಸರಕಾರ ನಿರ್ಧರಿಸಿದರೆ, ಹಳ್ಳಿಯ ಬಸ್ಸಿನಂತೆ ಅದನ್ನೂ ಸೇವೆಯೆಂದು ಒಪ್ಪಿ ನಷ್ಟದ ಲೆಕ್ಕವನ್ನು ವರ್ಷ ವರ್ಷ ಜನರ ಮುಂದಿಡಲಿ. ಒಂದೇ ಸಂಸ್ಥೆಯ ಮೇಲೆ ಇಡೀ ದೇಶ ನಿಲ್ಲುವ ಸ್ಥಿತಿ ಬಾರದಂತೆ ಎರಡನೆಯ, ಮೂರನೆಯ ಸಂಸ್ಥೆಗೆ ಜಾಗ ಮಾಡಿಕೊಡಲಿ.

ಮೋಟೆಬೆನ್ನೂರಿನ ಜನರಿಗೆ ಸದ್ಯಕ್ಕೆ ಬೇಕಾದುದು ಹೊತ್ತಿಗೆ ಸರಿಯಾಗಿ ಬರುವ ಬಸ್ಸು, ರೈಲು. ಅವರ ಮಕ್ಕಳು ವಿಮಾನ ಹತ್ತುವ ದಿನವೂ ಬಂದೇ ಬರುತ್ತದೆ, ಬರಲಿ. ಆ ದಿನ ವಿಮಾನ ನಡೆಸುವವನು ಸಾಕಷ್ಟು ನಿದ್ದೆ ಮಾಡಿ ಬಂದಿರಲಿ ಎಂಬುದಷ್ಟೇ ನಮ್ಮ ಆಗ್ರಹ.